ಸ್ವಂತ ದೋಣಿ ಬೇಡ: ಮಲೆನಾಡಿನಲ್ಲಿದ್ದುಕೊಂಡೇ ಹಾಯಿದೋಣಿ ರೇಸ್ ಕಲಿಯುವ ಬಗೆ

ಅಡಿಕೆ ಕೊನೆ ಇಳಿಸುವಾಗ ಎಲ್ಲರ ಕಣ್ಣೂ ಮರದ ಮೇಲಿರುವ ಕೊನೆಗೌಡನ ಮೇಲೆ. ಕೆಳಗೆ ಹಗ್ಗ ಹಿಡಿದು ನಿಂತವನನ್ನು ಯಾರೂ ನೋಡುವುದಿಲ್ಲ. ಆದರೆ ಅವನು ಹಗ್ಗ ಸಡಿಲ ಬಿಟ್ಟನೋ, ಜಾರಿ ಬರಬೇಕಾದ ಕೊನೆ ಪಕ್ಕದ ಮರಕ್ಕೆ ಬಡಿದು ಕಾಯೆಲ್ಲ ತೋಟದ ತುಂಬಾ ಉದುರುತ್ತದೆ. ಸಾಗರದ ಹತ್ತಿರದ ನಮ್ಮ ತೋಟದಲ್ಲಿ ನಾನು ಎರಡು ಸುಗ್ಗಿ ಆ ಹಗ್ಗ ಹಿಡಿದಿದ್ದೇನೆ, ಎರಡು ಸಲ ಕಾಯಿ ಉದುರಿಸಿ ಬೈಸಿಕೊಂಡಿದ್ದೇನೆ ಕೂಡ. ಮೂವತ್ತು ದಾಟಿದ ಮೇಲೆ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮೊದಲ ಸಲ ಹಾಯಿದೋಣಿ ಹತ್ತಿದೆ. ಯಾರೋ ಮುಂದಿನ ಹಾಯಿಯ ಹಗ್ಗ ಕೈಗೆ ಕೊಟ್ಟು 'ಬಿಗಿ ಇರಲಿ, ಕಣ್ಣು ಮೇಲಿರಲಿ' ಎಂದರು. ಅರೆ, ಇದು ಅದೇ ಕೆಲಸ ಅಲ್ವಾ ಅನ್ನಿಸಿತು.

ಹಾಯಿದೋಣಿ ರೇಸ್ ಅಂದರೆ ದುಡ್ಡಿದ್ದವರ ಆಟ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ದೋಣಿ ಕೊಳ್ಳುವವರಿಗೆ ಅದು ನಿಜ. ಆದರೆ ಇಬ್ಬರು ಕೂರುವ ದೋಣಿಗೆ ಇಬ್ಬರು ಬೇಕೇ ಬೇಕು, ಐದಾರು ಜನರ ದೋಣಿಗೆ ಐದಾರು ಜನ ಬೇಕು. ಪ್ರತಿ ಭಾನುವಾರ ಯಾರದ್ದೋ ಮನೆಯಲ್ಲಿ ಗೃಹಪ್ರವೇಶ, ಇನ್ಯಾರಿಗೋ ಜ್ವರ. ಒಂದು ಜಾಗ ಖಾಲಿ ಬೀಳುತ್ತದೆ. ಆ ಖಾಲಿ ಜಾಗವೇ ನಿಮ್ಮ ಶಾಲೆ. ನಮ್ಮ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಕೈ ಕೊಡುತ್ತೀರಿ, ಅವರು ದೋಣಿಯನ್ನೂ ವಿದ್ಯೆಯನ್ನೂ ಕೊಡುತ್ತಾರೆ. ಲೆಕ್ಕ ಚುಕ್ತಾ.

'ಸಮುದ್ರ ಇಲ್ಲದ ಊರಿನವರಿಗೆ ಇದೆಲ್ಲ ಎಂತಕ್ಕೆ ಮಾರಾಯ' ಎಂದು ಕೇಳುವವರಿಗೆ ಒಂದು ಉತ್ತರ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು. ಕಲಿತದ್ದು ಭೋಪಾಲದ ಕೆರೆಯಲ್ಲಿ.

ಹಂತ 1: ಊರಲ್ಲೇ ಗಾಳಿ ನೋಡಲು ಕಲಿಯಿರಿ

ದೋಣಿ ಹತ್ತುವ ಮೊದಲು ಒಂದು ತಿಂಗಳು ಗಾಳಿ ನೋಡಿ. ಖರ್ಚಿಲ್ಲದ ಪಾಠ ಇದು. ಭತ್ತ ಹೊಡೆ ಕಟ್ಟುವ ಹೊತ್ತಿಗೆ ಗದ್ದೆ ಬದುವಿನ ಮೇಲೆ ನಿಂತರೆ ಗಾಳಿ ಪೈರಿನ ಮೇಲೆ ಅಲೆ ಅಲೆಯಾಗಿ ಓಡುವುದು ಕಾಣುತ್ತದೆ. ನೀರಿನ ಮೇಲೂ ಹಾಗೇ, ಬಣ್ಣ ಮಾತ್ರ ಬೇರೆ. ಗಾಳಿ ಜೋರಾಗಿ ಬಡಿಯುವ ಕಡೆ ನೀರು ಕಪ್ಪಗೆ, ಒರಟಾಗಿ ಕಾಣುತ್ತದೆ. ಗಾಳಿ ಇಲ್ಲದ ಕಡೆ ಎಣ್ಣೆ ಸುರಿದ ಹಾಗೆ ನುಣ್ಣಗಿರುತ್ತದೆ. ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ದಡದಲ್ಲಿ ಅರ್ಧ ಗಂಟೆ ಕುಳಿತು ಆ ಕಪ್ಪು ತೇಪೆಗಳು ಯಾವ ಕಡೆಯಿಂದ ಬರುತ್ತವೆ, ಎಷ್ಟು ಸೆಕೆಂಡಿನಲ್ಲಿ ದಡ ಮುಟ್ಟುತ್ತವೆ ಎಂದು ಎಣಿಸಿ. 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಲಾಂಚಿಗೆ ಕಾಯುವ ತಾಪತ್ರಯ ಹೋಗಿದೆ. ಆದರೆ ನನಗೆ ಗಾಳಿ ಓದುವುದು ಬಂದದ್ದು ಆ ಕಾಯುವ ಹೊತ್ತಿನಲ್ಲೇ. ಈಗಿನವರು ಬೇಕೆಂದೇ ಗಾಡಿ ನಿಲ್ಲಿಸಿ ಕೂರಬೇಕು, ಅಷ್ಟೇ.

ಗುಡ್ಡಗಳ ನಡುವಿನ ನೀರಿನಲ್ಲಿ ಗಾಳಿ ಒಂದೇ ಕಡೆಯಿಂದ ಬರುವುದಿಲ್ಲ. ಗುಡ್ಡದ ಮೂಲೆ ಸುತ್ತಿ ಬರುತ್ತದೆ, ಕಣಿವೆಯಲ್ಲಿ ನುಗ್ಗುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಇದನ್ನು ನೋಡಿ ಬೆಳೆದವರಿಗೆ ಊರ ನಡುವಿನ ಕೆರೆಯಲ್ಲಿ ಕಟ್ಟಡಗಳ ಸಂದಿಯಿಂದ ಬರುವ ಗಾಳಿ ಹೊಸದೇನಲ್ಲ.

ನೀರಿನ ಭಯ ಹೋಗಬೇಕಾದರೆ ತಾಳಗುಪ್ಪದ ಕಡೆಯ ಹೊನ್ನೇಮರಡು ಒಳ್ಳೆ ಜಾಗ. ಶರಾವತಿ ಹಿನ್ನೀರಿನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ತೇಲಬಹುದು, ಹರಿಗೋಲು, ಕಯಾಕ್ ನಡೆಸಬಹುದು. ಹುಟ್ಟು ಹಾಕುತ್ತ ಗಾಳಿಗೆ ಎದುರಾಗಿ ಒಮ್ಮೆ ಹೋಗಿ, ಗಾಳಿ ಬೆನ್ನಿಗಿಟ್ಟು ವಾಪಸ್ ಬನ್ನಿ. ಎರಡರ ವ್ಯತ್ಯಾಸ ತೋಳಿಗೆ ಗೊತ್ತಾಗುತ್ತದೆ. ಈಜು ಬಂದರೂ ಜಾಕೆಟ್ ಬಿಚ್ಚಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಿನಡಿ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ತಲೆ ಎತ್ತುವುದನ್ನು ನೀವೇ ನೋಡಿರುತ್ತೀರಿ.

ಇಲ್ಲೊಂದು ಹುಡುಗಾಟದ ಕಥೆ. ಕಾಲೇಜಿನ ದಿನಗಳಲ್ಲಿ ನಾವು ಮೂವರು ಸೇರಿ ಹರಿಗೋಲಿಗೆ ಬಿದಿರು ನಿಲ್ಲಿಸಿ ಅಡಿಕೆ ಒಣಗಿಸುವ ಟಾರ್ಪಾಲ್ ಕಟ್ಟಿದ್ದೆವು. ಹರಿಗೋಲು ಬುಗುರಿ ಹಾಗೆ ಸುತ್ತುತ್ತ ಗಾಳಿ ಹೋದ ಕಡೆಗೇ ಹೋಯಿತು. ನಮ್ಮ ಊರು ಇನ್ನೊಂದು ದಿಕ್ಕಿಗಿತ್ತು. ಸಂಜೆಯವರೆಗೆ ಹುಟ್ಟು ಹಾಕಿ ಮನೆ ಸೇರಿದೆವು. ಯಾರೂ ಇದನ್ನು ಮಾಡಿ ನೋಡಬೇಡಿ. ಆದರೆ ಹಾಯಿದೋಣಿಯ ಗುಟ್ಟು ಈ ಕಥೆಯಲ್ಲೇ ಇದೆ. ನಿಜವಾದ ಹಾಯಿದೋಣಿಯ ಹೊಟ್ಟೆಯ ಕೆಳಗೆ ನೀರಿನೊಳಗೆ ಇಳಿದ ಒಂದು ಹಲಗೆ ಇರುತ್ತದೆ, ಸೆಂಟರ್‌ಬೋರ್ಡ್ ಅಂತ. ಅದು ದೋಣಿಯನ್ನು ಅಡ್ಡ ಜಾರಲು ಬಿಡುವುದಿಲ್ಲ. ಒಂದು ಕಡೆಯಿಂದ ಗಾಳಿ ಒತ್ತುತ್ತದೆ, ಇನ್ನೊಂದು ಕಡೆಯಿಂದ ನೀರು ಒತ್ತುತ್ತದೆ, ದೋಣಿ ಮುಂದಕ್ಕೆ ಚಿಮ್ಮುತ್ತದೆ. ಹಸಿ ಹಲಸಿನ ಬೀಜವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಅದೇ ಕಥೆ.

ಗಾಳಿಗೆ ನೇರ ಎದುರಾಗಿ ಮಾತ್ರ ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿಯ ಎರಡೂ ಬದಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗುತ್ತ, ತಿರುಗುತ್ತ ಮೇಲೇರಬೇಕು. ಆಗುಂಬೆ ಘಾಟಿ ಹತ್ತಿದವರಿಗೆ ಹೇಳಬೇಕಾದ್ದಿಲ್ಲ. ಬಸ್ಸು ನೆಟ್ಟಗೆ ಹತ್ತುವುದಿಲ್ಲ, ತಿರುವು ತಿರುವಾಗಿ ಹತ್ತುತ್ತದೆ. ಹಾಗೆ ಗಾಳಿಯತ್ತ ಮೂತಿ ತಿರುಗಿಸಿ ದಿಕ್ಕು ಬದಲಿಸುವ ಒಂದೊಂದು ತಿರುವಿಗೆ 'ಟ್ಯಾಕ್' ಎನ್ನುತ್ತಾರೆ. ಗಾಳಿ ಬೆನ್ನಿಗಿದ್ದಾಗ ತಿರುಗುವುದು 'ಜೈಬ್'. ಜೈಬಿನಲ್ಲಿ ದೊಡ್ಡ ಹಾಯಿಯ ಕೆಳಗಿನ ಅಡ್ಡಗೋಲು, ಅಂದರೆ ಬೂಮ್, ಬಡಿಗೆ ಹಾಗೆ ಬೀಸಿ ಬರುತ್ತದೆ. ತಲೆ ತಗ್ಗಿಸಿ. ಈ ಬರಹದಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದು.

ಹಂತ 2: ಮೂರು ಗಂಟು, ಒಂದು ವಾರ

ಕೊಟ್ಟಿಗೆ ಇರುವ ಮನೆಯವರಿಗೆ ಜೀರುಗಂಟು ಬರುತ್ತದೆ. ದೋಣಿಯಲ್ಲಿ ಅದು ಸಾಲದು. ಬೌಲೈನ್ ಕಲಿಯಿರಿ. ಅದು ಜಾರದ ಕುಣಿಕೆ. ಎಷ್ಟು ಎಳೆದರೂ ಕುಣಿಕೆ ಚಿಕ್ಕದಾಗದು, ಎಳೆತ ನಿಂತ ಮೇಲೆ ಸುಲಭವಾಗಿ ಬಿಚ್ಚಲು ಬರುತ್ತದೆ. ಎರಡನೆಯದು ಎಂಟರ ಆಕಾರದ ಗಂಟು. ಮೂರನೆಯದು ಕ್ಲೀಟಿಗೆ, ಅಂದರೆ ಹಗ್ಗ ಸುತ್ತುವ ಎರಡು ಕೊಂಬಿನ ಕೊಕ್ಕೆಗೆ, ಹಗ್ಗ ಕಟ್ಟುವ ಕ್ರಮ. ಒಂದು ಮೀಟರ್ ನೈಲಾನ್ ಹಗ್ಗವನ್ನು ಜೇಬಿನಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನಲ್ಲಿ, ಸೊಸೈಟಿಯ ಕ್ಯೂನಲ್ಲಿ ಕಟ್ಟಿ ಬಿಚ್ಚಿ ಮಾಡಿ. ಕಣ್ಣು ಮುಚ್ಚಿ ಕಟ್ಟಲು ಬಂದ ಮೇಲೆ ಮುಂದಿನ ಹಂತ.

ಎಂಟರ ಗಂಟನ್ನು ಹಗುರ ಮಾಡಬೇಡಿ. ನನ್ನ ಎರಡನೇ ರೇಸಿನಲ್ಲಿ ಜಿಬ್, ಅಂದರೆ ಮುಂದಿನ ಚಿಕ್ಕ ಹಾಯಿಯ, ಹಗ್ಗದ ತುದಿಗೆ ಅದನ್ನು ಹಾಕಲು ಮರೆತಿದ್ದೆ. ಗಾಳಿ ಜೋರಾಗಿ ಬಂತು, ಹಗ್ಗ ಕೈ ತಪ್ಪಿತು. ತುದಿಯಲ್ಲಿ ತಡೆಯುವ ಗಂಟಿಲ್ಲದೆ ಅಷ್ಟೂ ಹಗ್ಗ ರಾಟೆಯ ತೂತಿನಿಂದ ಸರ್ರನೆ ಹೊರಗೆ ಹೋಗಿ ಹಾಯಿಯ ತುದಿಯಲ್ಲಿ ಚಾಟಿ ಹಾಗೆ ಬಡಿಯತೊಡಗಿತು. ಅದನ್ನು ಹಿಡಿದು ತರುವಷ್ಟರಲ್ಲಿ ಆರು ದೋಣಿಗಳು ನಮ್ಮನ್ನು ದಾಟಿದ್ದವು. ದೋಣಿಯವರು ಏನೂ ಅನ್ನಲಿಲ್ಲ. ದಡಕ್ಕೆ ಬಂದ ಮೇಲೆ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟು ಚಹಾ ಕುಡಿಯಲು ಹೋದರು.

ಹಂತ 3: ಎಲ್ಲಿಗೆ ಹೋಗಬೇಕು, ಯಾವಾಗ

ನಮ್ಮ ತೋಟದ ಕೆಲಸಕ್ಕೂ ಹಾಯಿದೋಣಿಯ ಕಾಲಕ್ಕೂ ಹೊಂದಿಸಿಕೊಳ್ಳಬೇಕು. ಮುಂಬೈ, ಗೋವಾದಲ್ಲಿ ಮಳೆಗಾಲದಲ್ಲಿ ಸಮುದ್ರ ಕೆರಳಿರುತ್ತದೆ, ರೇಸುಗಳು ಮಳೆ ಹೋದ ಮೇಲೆ. ಹೈದರಾಬಾದ್ ಉಲ್ಟಾ. ಅಲ್ಲಿ ಮುಂಗಾರಿನ ಗಾಳಿಯೇ ಬಂಡವಾಳ, ದೊಡ್ಡ ರೆಗಟ್ಟಾಗಳು, ಅಂದರೆ ಹಾಯಿದೋಣಿ ರೇಸಿನ ಕೂಟಗಳು, ಜುಲೈ ಸುತ್ತಮುತ್ತ. ಹಾಗಾಗಿ ಅಡಿಕೆಯ ಕೊಳೆರೋಗಕ್ಕೆ ಒಂದು ಸುತ್ತು ಬೋರ್ಡೋ ದ್ರಾವಣ ಹೊಡೆದಾದ ಮೇಲೆ, ಎರಡನೇ ಸುತ್ತಿನ ಮೊದಲು ಹೈದರಾಬಾದ್. ಅಡಿಕೆ ಸುಗ್ಗಿ ಮುಗಿದ ಮೇಲೆ ಗೋವಾ ಇಲ್ಲವೇ ಮುಂಬೈ. ನೌಕರಿಯವರಿಗೆ ಈ ತಲೆಬಿಸಿ ಇಲ್ಲ. ರಜೆಯ ತಲೆಬಿಸಿ ಇದೆ.

ಹುಸೇನ್ ಸಾಗರದಲ್ಲಿ ಯಾಚ್ ಕ್ಲಬ್ ಆಫ್ ಹೈದರಾಬಾದ್ ಇದೆ, ಸಿಕಂದರಾಬಾದ್ ಸೈಲಿಂಗ್ ಕ್ಲಬ್ ಇದೆ, ಸೇನೆಯ ಇಎಂಇ ಸೈಲಿಂಗ್ ಅಸೋಸಿಯೇಷನ್ ಇದೆ. ಚೆನ್ನೈ ಬಂದರಿನಲ್ಲಿ 1911ರಲ್ಲಿ ಶುರುವಾದ ರಾಯಲ್ ಮದ್ರಾಸ್ ಯಾಚ್ ಕ್ಲಬ್. ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಪಕ್ಕದಲ್ಲಿ 1846ರಷ್ಟು ಹಳೆಯ ರಾಯಲ್ ಬಾಂಬೆ ಯಾಚ್ ಕ್ಲಬ್. ಗೋವಾದಲ್ಲಿ ಗೋವಾ ಯಾಚಿಂಗ್ ಅಸೋಸಿಯೇಷನ್. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೈಲಿಂಗ್ ಕ್ಲಬ್ ಇದೆ. ಸೇನೆಯ ಜಾಗಗಳಿಗೆ ಸುಮ್ನೆ ಗೇಟಿಗೆ ಹೋಗಿ ನಿಲ್ಲಬೇಡಿ, ಮೊದಲೇ ಬರೆದು ಕೇಳಿ. ಸಾಗರದವರಿಗೆ ಗೋವಾ ಹತ್ತಿರದ ದಾರಿ: ಜೋಗದ ಮೇಲೆ ಹೊನ್ನಾವರಕ್ಕೆ ಇಳಿದು ಕೊಂಕಣ ರೈಲಿನಲ್ಲಿ ಮಡಗಾಂವ್. ಶಿವಮೊಗ್ಗದವರು ಹೈದರಾಬಾದಿಗೆ ಬೆಂಗಳೂರು ಮೇಲೆ ಹೋಗಬಹುದು, ರಾತ್ರಿ ಪ್ರಯಾಣ, ಬೆಳಿಗ್ಗೆ ನೀರು.

ಒಂದು ಎಚ್ಚರಿಕೆ. ಎಲ್ಲ ದೋಣಿಯಲ್ಲೂ ನಿಮಗೆ ಜಾಗ ಇರುವುದಿಲ್ಲ. ಪುಟ್ಟ ಮಕ್ಕಳ ಆಪ್ಟಿಮಿಸ್ಟ್, ಮೊದಲು ಲೇಸರ್ ಎನ್ನುತ್ತಿದ್ದ ಈಗಿನ ಐಎಲ್‌ಸಿಎ, ಇವೆಲ್ಲ ಒಬ್ಬರೇ ನಡೆಸುವ ದೋಣಿಗಳು. ನೇಹಾ ಗೆದ್ದದ್ದೂ, ಅದೇ ಕೂಟದಲ್ಲಿ ವಿಷ್ಣು ಸರವಣನ್ ಕಂಚು ಗೆದ್ದದ್ದೂ ಇಂಥದ್ದರಲ್ಲೇ. ನೀವು ಕೇಳಬೇಕಾದದ್ದು ಇಬ್ಬರ ದೋಣಿ. ಭಾರತದಲ್ಲಿ ಹೆಚ್ಚಾಗಿ ಸಿಗುವುದು ಎಂಟರ್‌ಪ್ರೈಸ್. ಜಾಕ್ ಹೋಲ್ಟ್ ಎಂಬವರು 1956ರಲ್ಲಿ ರೂಪಿಸಿದ, ಸುಮಾರು 4 ಮೀಟರ್ ಉದ್ದದ ದೋಣಿ. ನೀಲಿ ಹಾಯಿ ಕಂಡರೆ ಅದೇ ಇರಬಹುದು. ಸಮುದ್ರದ ಊರುಗಳಲ್ಲಿ ಅಡಿಯಲ್ಲಿ ಭಾರ ಕಟ್ಟಿದ ಕೀಲ್‌ಬೋಟ್‌ಗಳೂ ಇರುತ್ತವೆ. ಹೊಸಬರಿಗೆ ಅದರಲ್ಲಿ ಜಾಗ ಸಿಗುವುದು ಸುಲಭ, ಯಾಕೆಂದರೆ ಗಾಳಿ ಬಂದಾಗ ಅಂಚಿನ ಮೇಲೆ ಕೂತು ಭಾರ ಹಾಕಲು ಜನ ಬೇಕು. ಮೂಟೆ ಕೆಲಸ ಅಂತ ಬೇಸರ ಬೇಡ. ಮೂಟೆಗೂ ಕಣ್ಣಿರುತ್ತದೆ, ನೋಡಿ ಕಲಿಯುತ್ತದೆ.

ಹಂತ 4: ಬಾಗಿಲು ತಟ್ಟುವುದು

ಕ್ಲಬ್ಬಿಗೆ ಬರೆಯುವಾಗ ನಾಲ್ಕು ಸಾಲು ಸಾಕು. ನಿಮ್ಮ ತೂಕ, ಈಜು ಬರುತ್ತದೋ ಇಲ್ಲವೋ, ಎಷ್ಟು ಸಲ ದೋಣಿ ಹತ್ತಿದ್ದೀರಿ, ಯಾವ ಯಾವ ವಾರ ಬರಬಲ್ಲಿರಿ. ತೂಕ ಯಾಕೆ ಅಂದರೆ ದೋಣಿ ನೆಟ್ಟಗಿಡುವುದೇ ನಿಮ್ಮ ಮೈಭಾರ. ಏನೂ ಬಾರದಿದ್ದರೆ ಬಾರದು ಎಂದೇ ಬರೆಯಿರಿ. ನನ್ನ ಮೊದಲ ಪತ್ರದಲ್ಲಿ 'ಸ್ವಲ್ಪ ಅನುಭವವಿದೆ' ಎಂದು ಬರೆದಿದ್ದೆ, ಟಾರ್ಪಾಲ್ ಹರಿಗೋಲನ್ನು ನೆನೆದು. ದಡದಲ್ಲಿ ಹಾಯಿ ಕಟ್ಟುವಾಗ ಎರಡೇ ನಿಮಿಷದಲ್ಲಿ ಗುಟ್ಟು ರಟ್ಟಾಯಿತು.

ಉತ್ತರ ಬಾರದಿದ್ದರೆ ಇನ್ನೊಂದು ದಾರಿ ಇದೆ, ನನ್ನ ಪ್ರಕಾರ ಇದೇ ಉತ್ತಮ ದಾರಿ. ರೇಸ್ ನಡೆಸುವ ಕಮಿಟಿ ಬೋಟಿನಲ್ಲಿ ಕೈಗೆಲಸಕ್ಕೆ ಬರುತ್ತೇನೆ ಎಂದು ಕೇಳಿ. ಬಾವುಟ ಏರಿಸಲು, ಸಮಯ ಬರೆಯಲು, ಯಾವ ದೋಣಿ ಎಷ್ಟನೆಯದಾಗಿ ಬಂತು ಎಂದು ಗುರುತು ಹಾಕಲು ಅವರಿಗೆ ಸದಾ ಜನ ಸಾಲದು. ರೇಸಿನ ಆರಂಭವನ್ನು ಅಷ್ಟು ಹತ್ತಿರದಿಂದ ಬೇರೆ ಯಾರಿಗೂ ನೋಡಲು ಸಿಗುವುದಿಲ್ಲ. ಎರಡು ದಿನ ಅಲ್ಲಿದ್ದರೆ ಯಾವ ಸ್ಕಿಪ್ಪರ್, ಅಂದರೆ ದೋಣಿ ನಡೆಸುವವರು, ಕೂಗಾಡುತ್ತಾರೆ, ಯಾರು ತಣ್ಣಗಿರುತ್ತಾರೆ, ಯಾರ ದೋಣಿಯಲ್ಲಿ ಜನ ಪದೇ ಪದೇ ಬದಲಾಗುತ್ತಾರೆ ಎಲ್ಲ ಗೊತ್ತಾಗುತ್ತದೆ. ಮೂರನೇ ದಿನ ಯಾರದ್ದಾದರೂ ಕ್ರೂ, ಅಂದರೆ ದೋಣಿಯ ಜೊತೆಯಾಳು, ಬರುವುದಿಲ್ಲ. ದಡದಲ್ಲಿ ಜಾಕೆಟ್ ಹಾಕಿಕೊಂಡು ನಿಂತವರು ನೀವೇ ಆಗಿರುತ್ತೀರಿ.

ಯಾವ ದೋಣಿ ಬೇಡ? ಜಾಕೆಟ್ ಹಾಕುವುದನ್ನು ನೋಡಿ ನಗುವವರ ದೋಣಿ ಬೇಡ. 'ನೀರಿಗೆ ಬಿದ್ದರೆ ಏನು ಮಾಡುತ್ತೀರಿ' ಎಂಬ ಪ್ರಶ್ನೆಗೆ ಉತ್ತರ ಇಲ್ಲದವರ ದೋಣಿ ಬೇಡ. ನನಗೆ ಒಮ್ಮೆ ಇಡೀ ರೇಸು ಬೈದೇ ಬೈದ ಒಬ್ಬರು ಸಿಕ್ಕಿದ್ದರು. ಆ ದಿನ ನಾನು ಕಲಿತದ್ದು ಸೊನ್ನೆ. ಮುಂದಿನ ಸಲ ಕರೆದಾಗ 'ಕೆಲಸ ಇದೆ ಸಾರ್' ಎಂದೆ. ಹೆಣ್ಣುಮಕ್ಕಳು ಒಂದು ಮಾತು ಹೆಚ್ಚಿಗೆ ಕೇಳಿಕೊಳ್ಳುವುದು ಒಳ್ಳೆಯದು: ದೋಣಿಯಲ್ಲಿ ಬೇರೆ ಯಾರಿರುತ್ತಾರೆ, ಎಷ್ಟು ಹೊತ್ತಿಗೆ ದಡಕ್ಕೆ ವಾಪಸ್. ಸರಿಯಾದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಚೀಲದಲ್ಲಿ ಇರಬೇಕಾದದ್ದು ಜಾಸ್ತಿ ಏನಿಲ್ಲ. ಕಪ್ಪು ಗುರುತು ಬೀಳಿಸದ ಮೆದು ಅಟ್ಟೆಯ ಬೂಟು, ಬೆರಳ ತುದಿ ಕತ್ತರಿಸಿದ ಕೈಗವಸು, ದಾರ ಕಟ್ಟಿದ ಟೋಪಿ, ನೀರು, ಬದಲಿ ಬಟ್ಟೆ, ಸೆಕೆಂಡು ಎಣಿಸುವ ವಾಚು. ಸಮುದ್ರದಲ್ಲಿ ಹೊಟ್ಟೆ ತೊಳೆಸುವವರು ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಎಣ್ಣೆ ತಿಂಡಿಯನ್ನೂ ತಿನ್ನಬೇಡಿ. ಒಂದು ಚೂರು ಶುಂಠಿ ಬಾಯಲ್ಲಿರಲಿ.

ಹಂತ 5: ನಿಮ್ಮ ಕೆಲಸ, ಸೆಕೆಂಡು ಸೆಕೆಂಡಾಗಿ

ಎಂಟರ್‌ಪ್ರೈಸಿನಲ್ಲಿ ಹಿಂದೆ ಕೂತವರು ಚುಕ್ಕಾಣಿ ಮತ್ತು ದೊಡ್ಡ ಹಾಯಿ ನೋಡಿಕೊಳ್ಳುತ್ತಾರೆ. ಮುಂದೆ ಕೂತ ನಿಮ್ಮದು ಜಿಬ್ ಎಂಬ ಚಿಕ್ಕ ಹಾಯಿ, ಸೆಂಟರ್‌ಬೋರ್ಡ್, ದೋಣಿಯ ಸಮತೋಲ, ಮತ್ತು ಕಣ್ಣು. ಹಾಯಿಯನ್ನು ಎಳೆಯುವ ಹಗ್ಗಕ್ಕೆ ಇಲ್ಲಿ ಶೀಟ್ ಎನ್ನುತ್ತಾರೆ. ಹಾಳೆಗೂ ಅದಕ್ಕೂ ಸಂಬಂಧ ಇಲ್ಲ, ಮೊದಲ ದಿನ ನಾನೂ ತಬ್ಬಿಬ್ಬಾಗಿದ್ದೆ. ಜಿಬ್ಬಿಗೆ ಎಡಕ್ಕೊಂದು, ಬಲಕ್ಕೊಂದು, ಎರಡು ಶೀಟ್.

ಟ್ಯಾಕ್ ಹೀಗೆ. ಸ್ಕಿಪ್ಪರ್ 'ರೆಡಿ ಎಬೌಟ್' ಎನ್ನುತ್ತಾರೆ. ನೀವು ಬಿಗಿಯಾಗಿರುವ ಶೀಟನ್ನು ಕ್ಲೀಟಿನಿಂದ ಬಿಡಿಸುತ್ತೀರಿ, ಆದರೆ ಕೈಯಿಂದ ಬಿಡುವುದಿಲ್ಲ. ಇನ್ನೊಂದು ಕೈ ಆಚೆ ಬದಿಯ ಶೀಟನ್ನು ಹಿಡಿದಿರಬೇಕು. ಆಗ 'ರೆಡಿ' ಎನ್ನಿ. ಅದನ್ನು ಹೇಳುವವರೆಗೆ ಒಳ್ಳೆಯ ಸ್ಕಿಪ್ಪರ್ ತಿರುಗಿಸುವುದಿಲ್ಲ. 'ಲೀ ಹೋ' ಎಂದು ಚುಕ್ಕಾಣಿ ತಿರುಗಿಸುತ್ತಾರೆ. ದೋಣಿಯ ಮೂತಿ ಗಾಳಿಯತ್ತ ಹೊರಳುತ್ತದೆ. ಇಲ್ಲಿ ಕೈ ತುರಿಸುತ್ತದೆ, ಬಿಟ್ಟುಬಿಡೋಣ ಅನ್ನಿಸುತ್ತದೆ. ಬೇಡ. ಹಾಯಿಯ ಮುಂದಿನ ಅಂಚು ನಡುಗಿ, ಪಟಪಟ ಎನ್ನಲು ಶುರುವಾದ ಕ್ಷಣ ಹಳೆಯದನ್ನು ಬಿಡಿ. ಬೇಗ ಬಿಟ್ಟರೆ ವೇಗ ಸಾಯುತ್ತದೆ. ತಡವಾದರೆ ಗಾಳಿ ಹಾಯಿಯ ತಪ್ಪು ಬದಿಗೆ ತುಂಬಿ ದೋಣಿಯನ್ನು ಬೇಡದ ಕಡೆ ದಬ್ಬುತ್ತದೆ. ಬಿಟ್ಟ ಕೂಡಲೇ ಮುಂದಕ್ಕೆ ಮುಖ ಮಾಡಿ, ತಲೆ ತಗ್ಗಿಸಿ, ಬೂಮಿನಡಿ ದಾಟಿ. ದಾಟುತ್ತಲೇ ಹೊಸ ಶೀಟನ್ನು ಎಳೆಯುತ್ತ ಬನ್ನಿ. ಹಾಯಿ ಪೂರ್ತಿ ತುಂಬುವ ಮೊದಲು ಎಳೆದರೆ ಎರಡು ಬೆರಳು ಸಾಕು. ತುಂಬಿದ ಮೇಲೆ ಎಳೆಯಹೋದರೆ ಎರಡು ಕೈ, ಒಂದು ಕಾಲು ಎಲ್ಲ ಬೇಕು. ಕೊನೆಯಲ್ಲಿ ಹೊಸ ಅಂಚಿನ ಮೇಲೆ ಕೂತು, ದೋಣಿಯೊಳಗಿನ ಪಟ್ಟಿಗೆ ಕಾಲು ಸಿಕ್ಕಿಸಿ, ಹಿಂದಕ್ಕೆ ಬಾಗಿ. ಇಷ್ಟೂ ಐದಾರು ಸೆಕೆಂಡಿನಲ್ಲಿ.

ಮನೆಯ ಜಗಲಿಯ ಮೇಲೆ ಎರಡು ಮಣೆ ಇಟ್ಟು, ನಡುವೆ ಹಗ್ಗ ಹಾಕಿಕೊಂಡು ಇದನ್ನು ನೂರು ಸಲ ಮಾಡಿ. ನನ್ನ ಹೆಂಡತಿ ನೋಡಿ ನಕ್ಕಳು. ಆಮೇಲೆ ಅವಳೇ 'ಲೀ ಹೋ' ಕೂಗಲು ಕೂತಳು.

ಜಿಬ್ ಸರಿಯಾಗಿದೆಯೇ ಎಂದು ತಿಳಿಯಲು ಹಾಯಿಯ ಎರಡೂ ಬದಿಗೆ ಉಣ್ಣೆಯ ಎಳೆ ಅಂಟಿಸಿರುತ್ತಾರೆ, ಟೆಲ್‌ಟೇಲ್ ಅಂತ. ಎರಡೂ ನೆಟ್ಟಗೆ ಹಿಂದಕ್ಕೆ ಹರಿಯುತ್ತಿದ್ದರೆ ಚೆಂದ. ಒಳಬದಿಯದು ಕುಣಿದರೆ ಶೀಟ್ ಎಳೆಯಿರಿ, ಹೊರಬದಿಯದು ಕುಣಿದರೆ ಸಡಿಲಿಸಿ. ಗಾಳಿಗೆ ಎದುರಾಗಿ ಏರುವಾಗ ಸೆಂಟರ್‌ಬೋರ್ಡ್ ಪೂರ್ತಿ ಕೆಳಗೆ. ಗಾಳಿ ಬೆನ್ನಿಗೆ ಬಂದಾಗ ಬಹುಪಾಲು ಮೇಲೆ.

ಇನ್ನು ಬಾಯಿ. ಹೊಸಬರು ಎರಡು ಬಗೆ. ಕೆಲವರು ಗಪ್‌ಚುಪ್, ಕೆಲವರು ಸಲಹೆಯ ಸುರಿಮಳೆ. ಎರಡೂ ಪ್ರಯೋಜನ ಇಲ್ಲ. ಕಂಡದ್ದನ್ನು ಹೇಳಿ, ಅನ್ನಿಸಿದ್ದನ್ನು ದಡಕ್ಕೆ ಉಳಿಸಿ. 'ಬಲಗಡೆಯಿಂದ ಗಾಳಿ ಬರ್ತಿದೆ, ಮೂರು, ಎರಡು, ಒಂದು' ಎಂಬುದು ಉಪಯೋಗದ ಮಾತು. 'ಹಾಯಿ ಕೆಳಗೆ ಒಂದು ದೋಣಿ ಬರ್ತಿದೆ, ನಾವು ದಾಟಲ್ಲ' ಇನ್ನೂ ಉಪಯೋಗ, ಏಕೆಂದರೆ ಜಿಬ್ ಅಡ್ಡ ಇರುವುದರಿಂದ ಹಿಂದೆ ಕೂತವರಿಗೆ ಅದು ಕಾಣುವುದೇ ಇಲ್ಲ. 'ಎಡಕ್ಕೆ ಹೋಗಿದ್ರೆ ಚೆನ್ನಾಗಿತ್ತು' ಎಂದು ಮಾತ್ರ ಹೇಳಲೇಬೇಡಿ.

ದೋಣಿ ಮಗುಚಿದರೆ? ಮಗುಚುತ್ತದೆ, ಚಿಕ್ಕ ದೋಣಿಗಳಲ್ಲಿ ಅದು ಮಾಮೂಲು. ಮೊದಲು ಒಬ್ಬರಿಗೊಬ್ಬರು ಕೂಗಿ ಇದ್ದೀರೆಂದು ಖಾತ್ರಿ ಮಾಡಿಕೊಳ್ಳಿ. ದಡ ಎಷ್ಟೇ ಹತ್ತಿರ ಕಂಡರೂ ದೋಣಿ ಬಿಟ್ಟು ಈಜಬೇಡಿ. ಸ್ಕಿಪ್ಪರ್ ಸುತ್ತಿಬಂದು ಸೆಂಟರ್‌ಬೋರ್ಡಿನ ಮೇಲೆ ನಿಲ್ಲುತ್ತಾರೆ. ನೀವು ಜಿಬ್ ಶೀಟನ್ನು ಮೇಲಿಂದ ಅವರಿಗೆ ಎಸೆದು, ದೋಣಿಯ ಒಳಬದಿಗೆ ಒರಗಿ ತೇಲುತ್ತಿರಿ. ಅವರು ಹಿಂದಕ್ಕೆ ಬಾಗಿ ಎಳೆದಾಗ ದೋಣಿ ಏಳುತ್ತದೆ, ಅದರೊಳಗೇ ನಿಮ್ಮನ್ನೂ ಬಾಚಿಕೊಂಡು. ಹಗ್ಗ ಬಿಗಿ ಇದ್ದರೆ ಎದ್ದ ದೋಣಿ ಗಾಳಿಗೆ ಮತ್ತೆ ಬೀಳುತ್ತದೆ, ಶೀಟುಗಳನ್ನೆಲ್ಲ ಮೊದಲೇ ಸಡಿಲಿಸಿಡಿ.

ಹಂತ 6: ಐದು ನಿಮಿಷದ ಗಡಿಬಿಡಿ ಮತ್ತು ನಾಲ್ಕು ನಿಯಮ

ಗೆರೆ ಎಳೆದು, ಸಿಳ್ಳೆ ಊದಿ ಓಡುವ ಆಟ ಅಲ್ಲ ಇದು. ಕಮಿಟಿ ಬೋಟಿಗೂ ಒಂದು ತೇಲುಬುರುಡೆಗೂ ನಡುವೆ ಕಾಣದ ಗೆರೆ. ದೋಣಿಗೆ ಬ್ರೇಕ್ ಇಲ್ಲ. ಐದು ನಿಮಿಷಕ್ಕೆ ಆ ವರ್ಗದ ಬಾವುಟ ಏರುತ್ತದೆ, ನಾಲ್ಕಕ್ಕೆ ಸಿದ್ಧತೆಯ ಬಾವುಟ, ಒಂದು ನಿಮಿಷ ಇರುವಾಗ ಅದು ಇಳಿಯುತ್ತದೆ, ಸೊನ್ನೆಗೆ ಮೊದಲನೆಯದೂ ಇಳಿಯುತ್ತದೆ, ರೇಸು ಶುರು. ವಾಚು ನಿಮ್ಮ ಕೈಯಲ್ಲಿ. ಹಾರ್ನ್ ಕೇಳಿ ವಾಚು ಒತ್ತಬೇಡಿ, ಬಾವುಟ ನೋಡಿ ಒತ್ತಿ. ನಿಯಮದ ಪ್ರಕಾರ ಸಮಯ ಲೆಕ್ಕಕ್ಕೆ ಬರುವುದು ಬಾವುಟದ್ದೇ, ಹಾರ್ನ್ ಕೈಕೊಟ್ಟರೂ ಬದಲಿಲ್ಲ. ಕೊನೆಯ ನಿಮಿಷದಲ್ಲಿ ಹತ್ತು ಹತ್ತು ಸೆಕೆಂಡಿಗೆ ಕೂಗಿ ಹೇಳಿ, ಕೊನೆಯ ಹತ್ತನ್ನು ಒಂದೊಂದಾಗಿ. ನಿಮ್ಮ ದನಿ ನಡುಗಿದರೆ ಸ್ಕಿಪ್ಪರ್ ಕೈಯೂ ನಡುಗುತ್ತದೆ. ಸೊನ್ನೆಗೆ ಮೊದಲೇ ಗೆರೆ ದಾಟಿದ್ದರೆ ಹಿಂದೆ ಬಂದು ಮತ್ತೆ ಹೊರಡಬೇಕು.

ನಿಯಮದ ಪುಸ್ತಕವನ್ನು ವರ್ಲ್ಡ್ ಸೈಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ಹೊರಡಿಸುತ್ತದೆ, ಈಗಿನದು 2025ರಿಂದ 2028ರವರೆಗೆ. ಪೂರ್ತಿ ಓದಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಸೀಸನ್ನಿಗೆ ಇಷ್ಟು ಸಾಕು. ಗಾಳಿ ಬಲಬದಿಯಿಂದ ಬಡಿಯುತ್ತಿರುವ ದೋಣಿಗೆ ಗಾಳಿ ಎಡದಿಂದ ಬರುತ್ತಿರುವ ದೋಣಿ ದಾರಿ ಬಿಡಬೇಕು. ನೀರಿನ ಮೇಲೆ 'ಸ್ಟಾರ್‌ಬೋರ್ಡ್' ಎಂಬ ಕೂಗು ಕೇಳಿದರೆ ಇದೇ ವಿಷಯ. ಇಬ್ಬರಿಗೂ ಗಾಳಿ ಒಂದೇ ಬದಿಯಿಂದಿದ್ದು, ಅಕ್ಕಪಕ್ಕ ಇದ್ದರೆ ಗಾಳಿಯ ಕಡೆ ಇರುವವರು ಬಿಟ್ಟುಕೊಡಬೇಕು. ಹಿಂದುಮುಂದೆ ಇದ್ದರೆ ಹಿಂದಿನವರು ತಪ್ಪಿಸಿಕೊಳ್ಳಬೇಕು. ಟ್ಯಾಕ್ ಮಾಡುತ್ತಿರುವವರು ಮಾಡದವರಿಗೆ ಅಡ್ಡ ಬರಬಾರದು. ಮಾರ್ಕಿನ ಹತ್ತಿರ, ಅಂದರೆ ಸುತ್ತಬೇಕಾದ ಬುರುಡೆಗೆ ಮೂರು ದೋಣಿಯುದ್ದದೊಳಗೆ, ಒಳಗಡೆ ಇರುವವರಿಗೆ ಸುತ್ತಲು ಜಾಗ ಕೊಡಬೇಕು ಎಂಬುದೊಂದು ಸೇರಿಸಿಕೊಳ್ಳಿ. ಜಗಳವೆಲ್ಲ ಹುಟ್ಟುವುದು ಅಲ್ಲೇ.

ನನಗೆ ಈ ಆಟದಲ್ಲಿ ಇಷ್ಟವಾಗುವುದು ತಪ್ಪಿನ ಲೆಕ್ಕ. ನೀರಿನ ಮೇಲೆ ಅಂಪೈರ್ ಸಾಮಾನ್ಯವಾಗಿ ಇರುವುದಿಲ್ಲ. ತಪ್ಪು ಮಾಡಿದವರು ತಾವೇ ಒಪ್ಪಿ, ಪಕ್ಕಕ್ಕೆ ಸರಿದು, ಎರಡು ಸುತ್ತು ಸುತ್ತಿ ಮುಂದೆ ಹೋಗುತ್ತಾರೆ. ಮಾರ್ಕ್ ಮುಟ್ಟಿದರೆ ಒಂದು ಸುತ್ತು. ಒಪ್ಪದಿದ್ದರೆ ಎದುರಿನವರು 'ಪ್ರೊಟೆಸ್ಟ್' ಎಂದು ಕೂಗುತ್ತಾರೆ, ದಡದಲ್ಲಿ ಪಂಚಾಯಿತಿ. ಅಲ್ಲಿ ಹೊರಗೆ ಕೂತು ಕೇಳಲು ಬಿಟ್ಟರೆ ತಪ್ಪಿಸಿಕೊಳ್ಳಬೇಡಿ, ಪುಸ್ತಕ ಹೇಳಿಕೊಡದ ನಿಯಮ ಅಲ್ಲಿ ಅರ್ಥವಾಗುತ್ತದೆ. ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2. ಕೊನೆಗೆ ಕಡಿಮೆ ಇದ್ದವರು ಗೆದ್ದಂತೆ.

ಹಂತ 7: ರೇಸ್ ಮುಗಿದ ಮೇಲಿನ ಒಂದು ಗಂಟೆ

ಮತ್ತೆ ಕರೆ ಬರುತ್ತದೋ ಇಲ್ಲವೋ ಇಲ್ಲಿ ತೀರ್ಮಾನವಾಗುತ್ತದೆ. ಗಾಲಿಬಂಡಿ ನೀರಿಗಿಳಿಸಿ ದೋಣಿ ಎಳೆಯಿರಿ. ಉಪ್ಪುನೀರಾಗಿದ್ದರೆ ದೋಣಿ, ರಾಟೆ, ಹಗ್ಗ ಎಲ್ಲ ಸಿಹಿನೀರಿನಲ್ಲಿ ತೊಳೆಯಿರಿ. ಹಾಯಿಯನ್ನು ಇಬ್ಬರು ಎರಡು ತುದಿ ಹಿಡಿದು ಮಡಿಸಬೇಕು, ಸೀರೆ ಮಡಿಸಿದ ಹಾಗೆ. ಮುರಿದದ್ದು, ಹರಿದದ್ದು ಕಂಡರೆ ಬಚ್ಚಿಡದೆ ತೋರಿಸಿ. ನಿಮ್ಮ ಊಟ, ಪ್ರಯಾಣ, ಕ್ಲಬ್ಬಿನ ಅತಿಥಿ ಶುಲ್ಕ ನೀವೇ ಕೊಡಿ. ಎರಡನೇ ಸಲ ಹೋಗುವಾಗ ನಾನು ಅರ್ಧ ಕೆಜಿ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದಿದ್ದೆ. ಆ ದೋಣಿಯಲ್ಲಿ ಇವತ್ತಿಗೂ ನನ್ನ ಹೆಸರು ಹೇಳುವುದಿಲ್ಲ, 'ಉಪ್ಪಿನಕಾಯಿಯವರು' ಎನ್ನುತ್ತಾರೆ.

ಚಹಾ ಹೊತ್ತಿನಲ್ಲಿ ಒಂದೇ ಪ್ರಶ್ನೆ ಕೇಳಿ, ಹತ್ತಲ್ಲ. 'ನಾನು ಇವತ್ತು ಮಾಡಿದ ಯಾವ ಒಂದು ತಪ್ಪಿನಿಂದ ಹೆಚ್ಚು ನಷ್ಟ ಆಯಿತು?' ಉತ್ತರವನ್ನು ಪುಟ್ಟ ಪುಸ್ತಕದಲ್ಲಿ ಬರೆದಿಡಿ, ದಿನಾಂಕ ಮತ್ತು ಗಾಳಿಯ ದಿಕ್ಕಿನ ಜೊತೆ. ನನ್ನ ಪುಸ್ತಕದ ಮೊದಲ ಏಳು ಪುಟದಲ್ಲಿ ಒಂದೇ ಸಾಲು ಇದೆ: ಶೀಟ್ ಬೇಗ ಬಿಟ್ಟೆ.

ಒಪ್ಪಿಕೊಂಡ ದಿನ ತಪ್ಪಿಸಬೇಡಿ. ಎರಡು ಸಲ ಕೈಕೊಟ್ಟವರನ್ನು ಯಾರೂ ಮೂರನೇ ಸಲ ಕರೆಯುವುದಿಲ್ಲ, ಎಷ್ಟೇ ಚೆನ್ನಾಗಿ ಹಗ್ಗ ಎಳೆದರೂ.

ಹಂತ 8: ದೋಣಿ ಬದಲಿಸುವುದು, ಚುಕ್ಕಾಣಿ ಕೇಳುವುದು

ಒಬ್ಬರ ಜೊತೆ ಐದಾರು ರೇಸ್ ಆದ ಮೇಲೆ, ಅವರಿಗೆ ಹೇಳಿಯೇ, ಬೇರೆ ದೋಣಿಗಳನ್ನೂ ಹತ್ತಿ. ಒಬ್ಬರು ಆರಂಭದಲ್ಲಿ ಗಟ್ಟಿ, ಇನ್ನೊಬ್ಬರು ಗಾಳಿ ಸತ್ತಾಗ ದೋಣಿ ಓಡಿಸುವುದರಲ್ಲಿ. ಸಾಲಿನ ಕೊನೆಗೆ ಬರುವ ದೋಣಿಯಲ್ಲೂ ಒಂದು ದಿನ ಕೂತು ನೋಡಿ, ಮುಂದಿನವರು ಏನು ಮಾಡುವುದಿಲ್ಲ ಎಂಬುದು ಅಲ್ಲಿ ಎದ್ದು ಕಾಣುತ್ತದೆ.

ಚುಕ್ಕಾಣಿಯನ್ನು ರೇಸಿನಲ್ಲಿ ಕೇಳಬೇಡಿ. ರೇಸ್ ಮುಗಿದು ದಡಕ್ಕೆ ವಾಪಸ್ ಬರುವ ದಾರಿ ಇದೆಯಲ್ಲ, ಆಗ ಕೇಳಿ. ನನಗೆ ಹಾಗೆ ಸಿಕ್ಕಿದ್ದು ಹನ್ನೊಂದನೇ ರೇಸಿನ ಸಂಜೆ. ಸ್ಕಿಪ್ಪರ್ ಮುಂದೆ ಬಂದು ನನ್ನ ಜಾಗದಲ್ಲಿ ಕೂತು ಜಿಬ್ ಶೀಟ್ ಹಿಡಿದರು. ನಾನು ಹಿಂದೆ ಹೋದೆ. ಹುಸೇನ್ ಸಾಗರದ ನಡುವಿನ ಬುದ್ಧನ ಪ್ರತಿಮೆಯ ಕಡೆಗೆ ಮೂತಿ ಇಟ್ಟು ಹೊರಟರೆ ದೋಣಿ ಹಾವಿನ ಹಾಗೆ ಹರಿಯಿತು, ಚುಕ್ಕಾಣಿಯನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದೆ. 'ಎರಡು ಬೆರಳು ಸಾಕು' ಎಂದರು. ಆಮೇಲೆ ನಾನು ಹೆದರಿಕೊಂಡೇ 'ರೆಡಿ ಎಬೌಟ್' ಎಂದೆ. ಅವರು ಏನೂ ಹೇಳಲಿಲ್ಲ. ತಿರುಗಿಸಿಯೇ ಬಿಡುವವನಿದ್ದೆ. ಅಷ್ಟರಲ್ಲಿ ಅವರು ಕತ್ತು ಹೊರಳಿಸಿ, 'ರೀ, ನಾನಿನ್ನೂ ರೆಡಿ ಅಂದಿಲ್ಲ' ಎಂದರು.